ಐದು ವಿಶ್ವವಿದ್ಯಾಲಯಗಳಿಗೆ ಒಂದೇ ಪ್ರಶ್ನೆಪತ್ರಿಕೆ

ಅವರ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಆ ಶಾಲೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮಕ್ಕಳಿಗೆಲ್ಲ ಅವರು ಸೊನ್ನೆ ಟೀಚರ್. ಇಪ್ಪತ್ತೆರಡು ವರ್ಷದಿಂದ ಏಳನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದ ಈ ಹೆಂಗಸು ಸೊನ್ನೆ ಕೊಡುವುದರಲ್ಲಿ ಬಲು ಧಾರಾಳಿ. ಅರ್ಧ ಮಾರ್ಕು, ಕಾಲು ಮಾರ್ಕು ಎಂಬ ಚೌಕಾಸಿ ಅವರಲ್ಲಿ ನಡೆಯುತ್ತಿರಲಿಲ್ಲ. ಉತ್ತರ ಸರಿಯಿದ್ದರೆ ಪೂರ್ತಿ, ತಪ್ಪಿದ್ದರೆ ಕೋಳಿಮೊಟ್ಟೆಯಂಥ ಕೆಂಪು ಸೊನ್ನೆ. ಆದರೆ ಸೊನ್ನೆ ಬಂತೆಂದು ಅತ್ತುಕೊಂಡು ಮನೆಗೆ ಹೋದ ಮಗುವನ್ನು ಯಾರೂ ಕಂಡಿಲ್ಲ. ಸೊನ್ನೆ ಬಂದವರಿಗೆ ಟೀಚರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರುವ ಯೋಗ. ಅಲ್ಲಿ ಬೈಗುಳವಿಲ್ಲ, ಬೆತ್ತವಿಲ್ಲ, ಒಂದೇ ಒಂದು ಪ್ರಶ್ನೆ: "ಹೇಳು ಕಂದ, ಯಾಕೆ ಹೀಗೆ ಬರೆದೆ?"

ಇದು ಶುರುವಾದದ್ದು ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಅಂದರೆ ಒಬ್ಬ ಹುಡುಗ ಐದನೇ ಎರಡು ಭಾಗ ಎಂದು ಬರೆದಿದ್ದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ, ದಡ್ಡ, ಅಂದುಕೊಂಡರು. ಆದರೂ ಯಾವ ಬುದ್ಧಿಗೋ ಏನೋ, ಕರೆದು ಕೇಳಿದರು. ಹುಡುಗ ಬೆರಳು ಮಡಿಚುತ್ತಾ ಹೇಳಿದ: "ಟೀಚರ್, ನಿನ್ನೆ ನಾವು ಎರಡು ಆಟ ಆಡಿ ಒಂದು ಗೆದ್ವಿ. ಇವತ್ತು ಮೂರು ಆಡಿ ಒಂದು ಗೆದ್ವಿ. ಒಟ್ಟು ಐದರಲ್ಲಿ ಎರಡು ತಾನೇ ಗೆದ್ದಿರೋದು?" ಲೆಕ್ಕ ತಪ್ಪು, ಆದರೆ ಹುಡುಗ ಹೇಳಿದ್ದರಲ್ಲಿ ಸುಳ್ಳೇ ಇಲ್ಲ. ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯುವುದನ್ನೂ ಮರೆತು ಅವರು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದರು: ಪ್ರಶ್ನೆ, ಮಗುವಿನ ಹೆಸರೂ ಉತ್ತರವೂ, ಕಾರಣ.

ಈಗ ಅಂಥ ನೋಟ್‌ಬುಕ್ಕುಗಳು ಹತ್ತೊಂಬತ್ತಾಗಿದ್ದವು. ಬೀರುವಿನಲ್ಲಿ ಸೀರೆಗಳನ್ನು ಒಂದು ಕಡೆಗೆ ಒತ್ತರಿಸಿ ಅವಕ್ಕೆ ಜಾಗ ಮಾಡಿದ್ದರು. ಒಮ್ಮೊಮ್ಮೆ ಹೊಸದಾಗಿ ಬಂದ ಟೀಚರುಗಳು, "ಈ ಮಕ್ಕಳ ತಲೇಲಿ ಏನಿರುತ್ತೋ ದೇವರಿಗೇ ಗೊತ್ತು" ಎಂದು ಹಣೆ ಚಚ್ಚಿಕೊಂಡಾಗ, ಸೊನ್ನೆ ಟೀಚರಿಗೆ, ದೇವರಿಗೆ ಮಾತ್ರ ಯಾಕೆ, ನಮ್ಮನೆ ಬೀರುವಿಗೂ ಗೊತ್ತಲ್ಲ ಅನ್ನಿಸುತ್ತಿತ್ತು. ಬಲ್ಲವರೊಬ್ಬರ ಕೈಕೆಳಗೆ ಕೂತು ಇದನ್ನೊಂದು ಸಂಶೋಧನೆ ಮಾಡಬೇಕು, ಶಿಕ್ಷಣದಲ್ಲಿ ಡಾಕ್ಟರೇಟ್ ಮುಗಿಸಬೇಕು, ಆಗ ನಾಲ್ಕು ಜನ ಓದುತ್ತಾರೆ ಎಂಬ ಆಸೆ ಅವರನ್ನು ಹತ್ತು ವರ್ಷದಿಂದ ಕೊರೆಯುತ್ತಿತ್ತು. ಶಾಲೆ ಬಿಟ್ಟು ಹೋಗಿ ಓದುವಂತಿಲ್ಲ, ಮನೆಯಲ್ಲಿ ವಯಸ್ಸಾದ ಅತ್ತೆ, ಗಂಡನದು ಮನೆಯ ಮುಂಗೋಣೆಯಲ್ಲೇ ದರ್ಜಿ ಅಂಗಡಿ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವಂಥದ್ದಾದರೆ ಸರಿ. ನಾಳೆ ನೋಡೋಣ, ರಜೆಯಲ್ಲಿ ನೋಡೋಣ ಅನ್ನುತ್ತಾ ಹತ್ತು ವರ್ಷ ನೀರಿನಂತೆ ಹರಿದುಹೋಯಿತು.

ಬಿಸಿ ಮುಟ್ಟಿಸಿದವರು ಹೆಡ್‌ಮಾಸ್ಟರು. ಆಡಳಿತ ಮಂಡಳಿಯ ಹಳೇ ನಿಯಮವೊಂದಿತ್ತು. ಡಾಕ್ಟರೇಟ್‌ಗೆ ಸೇರಿದ ಟೀಚರಿಗೆ ವಾರಕ್ಕೆ ಎರಡು ಅರ್ಧದಿನ ಬಿಡುವು, ನಾಲ್ಕು ವರ್ಷ. ಆದರೆ ನಲವತ್ತೆಂಟು ತುಂಬುವುದರೊಳಗೆ ಪ್ರವೇಶಪತ್ರ ತಂದು ಕೊಡಬೇಕು, ಒಂದು ಸಲ ಸೇರಿದ ಮೇಲೆ ವಿಶ್ವವಿದ್ಯಾಲಯ ಬದಲಾಯಿಸುವಂತಿಲ್ಲ. ಹೆಡ್‌ಮಾಸ್ಟರು ಸೇವಾ ಪುಸ್ತಕ ತಿರುವಿ ಹಾಕಿ, "ನಿಮಗೆ ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ನಲವತ್ತೆಂಟು ಟೀಚರೇ. ಹದಿನೆಂಟು ಸೋಮವಾರ. ಸಂಜೆ ಐದರವರೆಗೆ ನನ್ನ ಮೇಜು ತೆರೆದಿರುತ್ತೆ, ಐದೂ ಒಂದಕ್ಕೆ ಬೀಗ" ಎಂದರು. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ಸೊನ್ನೆ ಟೀಚರಿಗೆ ಉಳಿದದ್ದು ಐದು ವಾರ. ಬಿಡುವಿಲ್ಲದೆ ಸಂಶೋಧನೆ ಆಗುವ ಮಾತಲ್ಲ, ಇದು ತಪ್ಪಿದರೆ ಹತ್ತೊಂಬತ್ತು ನೋಟ್‌ಬುಕ್ಕೂ ಸೀರೆಯ ಪಕ್ಕದಲ್ಲೇ ಹಳದಿಯಾಗಬೇಕು.

ಆ ಸಂಜೆಯೇ ಫೋನು ಹಿಡಿದು ಕೂತರು. "ಕಡಿಮೆ ಖರ್ಚಿನ ಆನ್‌ಲೈನ್ ಡಾಕ್ಟರೇಟ್" ಎಂದು ಹುಡುಕಿದ್ದೇ ತಡ, ಅದೇ ಹೆಸರಿನ ಅಂಗಡಿಗಳು ಸಾಲುಗಟ್ಟಿ ನಿಂತವು. ಅತಿ ಅಗ್ಗದ ಹತ್ತು, ಅತ್ಯುತ್ತಮ ಹನ್ನೆರಡು, ಕೆಲಸ ಮಾಡುವ ಶಿಕ್ಷಕರಿಗೆಂದೇ ಹದಿನೈದು. ಎಲ್ಲದರ ಮೇಲೂ ಕಪ್ಪು ಟೋಪಿ ಹಾಕಿಕೊಂಡು ಹಲ್ಲು ಬಿಡುವ ಒಬ್ಬಳೇ ಹುಡುಗಿಯ ಫೋಟೋ. ಒಂದು ಕಡೆ ಫೋನ್ ನಂಬರು ತುಂಬಿಸಿ ಎಂದಿತ್ತು, ತುಂಬಿಸಿದರು. ಅದೇ ಅವರು ಮಾಡಿದ ಮೊದಲ ತಪ್ಪು.

ಮಾರನೆಯ ಬೆಳಗ್ಗೆಯಿಂದ ಫೋನಿಗೆ ಜ್ವರ ಬಂತು. ಪ್ರಾರ್ಥನೆಯ ಹೊತ್ತಿಗೊಂದು ಕರೆ, ಲಸಾಅ ಹೇಳಿಕೊಡುವಾಗ ಒಂದು, ಕೈ ತೊಳೆಯುವಾಗ ಒಂದು. ರೋಸಿಹೋಗಿ ಟೀಚರು ಫೋನನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು. ಅತ್ತೆಗೆ ಇದು ಹಬ್ಬವಾಯಿತು. ಮಂಡಿನೋವಿನಿಂದ ಹೊರಗೆ ಹೋಗಲಾರದ ಆ ಮುದುಕಿಗೆ ಮಾತಾಡುವ ಚಟ, ಈಗ ಮಾತಾಡುವವರು ತಾವಾಗೇ ಹುಡುಕಿಕೊಂಡು ಬರುತ್ತಿದ್ದಾರೆ.

"ಅಭಿನಂದನೆಗಳು ಮೇಡಂ! ನಮ್ಮ ಡಾಕ್ಟರೇಟ್ ಕೋರ್ಸಿಗೆ ನೀವು ಆಯ್ಕೆಯಾಗಿದ್ದೀರಿ!" ಎಂದ ಒಬ್ಬ.

"ನಾನು ಓದಿರೋದು ನಾಲ್ಕನೇ ಕ್ಲಾಸು ಕಣಪ್ಪ. ಅದೂ ಪೂರ್ತಿ ಅಲ್ಲ. ಆದ್ರೂ ಆಯ್ಕೆ ಆದ್ನಾ?"

"ಖಂಡಿತ ಮೇಡಂ. ಇವತ್ತೇ ಫೀಸು ಕಟ್ಟಿದ್ರೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ."

"ವಯಸ್ಸು ಎಪ್ಪತ್ತಾರು."

"ಕಲಿಯೋಕೆ ವಯಸ್ಸೇನು ಮೇಡಂ!"

ಸಂಜೆ ಸೊಸೆ ಬರುತ್ತಲೇ ಅತ್ತೆ ವರದಿ ಒಪ್ಪಿಸಿದರು. "ನನಗೇ ಸೀಟು ಕೊಡೋ ಜಾಗಕ್ಕೆ ನೀನು ಹೋಗ್ಬೇಡಮ್ಮ. ಬೆಳ್ಳಗಿರೋದೆಲ್ಲ ಹಾಲಲ್ಲ. ಅದನ್ನ ಪಟ್ಟಿಯಿಂದ ಹೊಡೆದು ಹಾಕು." ಟೀಚರು ಹೊಡೆದು ಹಾಕಿದರು. ಹಾಗೆ ಹೊಡೆದು ಹೊಡೆದು ಕಡೆಗೆ ಪಟ್ಟಿಯಲ್ಲಿ ಐದು ಉಳಿದವು. ಐದಕ್ಕೂ ಮಾನ್ಯತೆ ಇತ್ತು, ಐದರ ಫೀಸೂ ಅವರ ಕೈಗೆಟಕುವಷ್ಟೇ ಇದ್ದಂತೆ ಕಾಣುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಕೂಡಿಟ್ಟದ್ದು ಟೀಚರ ಹತ್ತು ತಿಂಗಳ ಸಂಬಳದಷ್ಟು. "ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು" ಎಂದು ಗಾದೆ ಹೇಳಿದ ದರ್ಜಿ, "ಆದ್ರೆ ಹಾಸಿಗೆ ಎಷ್ಟುದ್ದ ಅಂತ ಮೊದ್ಲು ಸರಿಯಾಗಿ ಅಳೀಬೇಕು" ಎಂದು ತನ್ನದೂ ಒಂದು ಮಾತು ಸೇರಿಸಿದ. ಕತ್ತಿನಲ್ಲಿ ಸದಾ ಟೇಪು ನೇತಾಡುವವನ ಬಾಯಲ್ಲಿ ಇನ್ನೇನು ಬರುತ್ತದೆ?

ಅಳೆಯುವುದು ಹೇಗೆ? ಬೇರೆಯವರಾಗಿದ್ದರೆ ಅವರಿವರನ್ನು ಕೇಳುತ್ತಿದ್ದರು. ಸೊನ್ನೆ ಟೀಚರು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಒಂದು ಭಾನುವಾರ ಹಾಳೆಗೆ ಅಂಚು ಮಡಿಚಿ, ಮೇಲೆ "ಸಮಯ: ಎರಡು ವಾರ, ಒಟ್ಟು ಅಂಕ: ನೂರು, ಉತ್ತೀರ್ಣರಾಗಲು ಮೂವತ್ತೈದು, ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದು ಕಡ್ಡಾಯ" ಎಂದು ಬರೆದು ಹತ್ತು ಪ್ರಶ್ನೆ ಹಾಕಿದರು. ಸೇರಿದ ದಿನದಿಂದ ಪದವಿ ಕೈಗೆ ಬರುವವರೆಗೆ ಒಟ್ಟು ಖರ್ಚೆಷ್ಟು? ಇದುವರೆಗೆ ಸೇರಿದವರಲ್ಲಿ ಎಷ್ಟು ಜನ ಮುಗಿಸಿದ್ದಾರೆ? ನನಗೆ ಎಷ್ಟು ವರ್ಷ ಹಿಡಿಯುತ್ತದೆ? ನನ್ನ ಮಾರ್ಗದರ್ಶಕರು ಯಾರು? ಹೀಗೇ ಸಾಗಿ ಹತ್ತನೆಯದು, ಹತ್ತೊಂಬತ್ತು ನೋಟ್‌ಬುಕ್ಕಿನಲ್ಲಿ ನಾನು ಬರೆದಿಟ್ಟ ಮಕ್ಕಳ ತಪ್ಪು ಉತ್ತರಗಳ ಬಗ್ಗೆ ಸಂಶೋಧನೆ ಮಾಡಬಹುದೇ? ಐದು ವಿಶ್ವವಿದ್ಯಾಲಯಗಳಿಗೂ ಇಮೇಲ್ ಹೋಯಿತು. ಪರೀಕ್ಷೆ ಬರೆಸಿಯೇ ಗೊತ್ತಿದ್ದ ಸಂಸ್ಥೆಗಳಿಗೆ ಬರೆಯುವ ಸರದಿ ಬಂದದ್ದು ಬಹುಶಃ ಇದೇ ಮೊದಲು.

ಎರಡು ವಾರ ಕಳೆದು ಉತ್ತರ ಪತ್ರಿಕೆಗಳು ಬಂದವು. ಟೀಚರು ಎಲ್ಲವನ್ನೂ ಪ್ರಿಂಟು ಹಾಕಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಒಂದು ವಿಶ್ವವಿದ್ಯಾಲಯ "ನಿಮ್ಮ ಪತ್ರ ನಮಗೆ ಅಮೂಲ್ಯ" ಎಂದು ಬರೆದು ಸುಮ್ಮನಾಗಿತ್ತು. ಅದಕ್ಕೆ ಗೈರುಹಾಜರಿ. ಇನ್ನೊಂದು ನಾಲ್ಕೇ ಪ್ರಶ್ನೆಗೆ ಉತ್ತರಿಸಿ ಮಿಕ್ಕದ್ದನ್ನು ಖಾಲಿ ಬಿಟ್ಟಿತ್ತು, ಮತ್ತೊಂದು ಐವತ್ತರ ಹತ್ತಿರ ಕುಂಟುತ್ತಿತ್ತು.

ನಾಲ್ಕನೆಯದು ಮಾತ್ರ ಕಣ್ಣಿಗೆ ಹಬ್ಬ. ಪ್ರಶ್ನೆ ದಪ್ಪಕ್ಷರದಲ್ಲಿ, ಉತ್ತರ ಅಚ್ಚುಕಟ್ಟಾಗಿ ಕೆಳಗೆ. ಒಟ್ಟು ಖರ್ಚು ಏಳು ತಿಂಗಳ ಸಂಬಳದಷ್ಟು, ವೆಬ್‌ಸೈಟಿನಲ್ಲಿದ್ದದ್ದಕ್ಕೆ ಪೈಸೆ ಹೆಚ್ಚುಕಮ್ಮಿಯಿಲ್ಲ. ಮುಗಿಸಿದವರು ನೂರಕ್ಕೆ ತೊಂಬತ್ತೆಂಟು. ಅವಧಿ ಮೂರು ವರ್ಷ, ಖಾತ್ರಿ. ಮಾರ್ಗದರ್ಶಕರು ಅಂತರರಾಷ್ಟ್ರೀಯ ಮಟ್ಟದ ತಜ್ಞರು. ಸಂಶೋಧನೆ ಯಾವ ವಿಷಯದಲ್ಲಾದರೂ ಸ್ವಾಗತ. ನೂರಕ್ಕೆ ನೂರು! ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ನೂರಕ್ಕೆ ನೂರು ಬಿದ್ದದ್ದು ಮೂರೇ ಸಲ.

ಐದನೆಯದು ಒಂದು ಸಣ್ಣ ಹಳೇ ವಿಶ್ವವಿದ್ಯಾಲಯದ್ದು. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದ ಅರ್ಧ ಪುಟ, ಅದರಲ್ಲೂ ಎರಡು ಕಡೆ ಹೊಡೆದು ತಿದ್ದಿದ್ದು. ಒಟ್ಟು ಖರ್ಚು ಒಂಬತ್ತು ತಿಂಗಳ ಸಂಬಳದಷ್ಟು ಎಂದು ಬರೆದಿತ್ತು, ಅವರದೇ ವೆಬ್‌ಸೈಟು ಆರು ತಿಂಗಳದಷ್ಟು ಅನ್ನುತ್ತಿತ್ತು. ತಾಳೆಯಾಗಲಿಲ್ಲ, ಸೊನ್ನೆ. ಎಷ್ಟು ಜನ ಮುಗಿಸಿದ್ದಾರೆ? "ಹನ್ನೊಂದು ಜನ ಸೇರಿದ್ದರು, ನಾಲ್ವರು ಮುಗಿಸಿದರು." ಎಂಥ ಅಧ್ವಾನ, ಸೊನ್ನೆ. ಎಷ್ಟು ವರ್ಷ ಹಿಡಿಯುತ್ತದೆ? "ಗೊತ್ತಿಲ್ಲ." ಸೊನ್ನೆ. ಮಾರ್ಗದರ್ಶಕರು ಯಾರು? "ಈಗಲೇ ಹೇಳಲಾರೆ." ಸೊನ್ನೆ. ತಪ್ಪು ಉತ್ತರಗಳ ಬಗ್ಗೆ ಸಂಶೋಧನೆ ಮಾಡಬಹುದೇ ಎಂದರೆ, "ಅವು ತಪ್ಪು ಎಂದು ಯಾರು ಹೇಳಿದ್ದು?" ಎಂದು ತಿರುಗಿ ಕೇಳಿದ್ದರು. ಪ್ರಶ್ನೆಗೆ ಪ್ರಶ್ನೆಯೇ ಉತ್ತರವೇ? ಎಂಥ ಉದ್ಧಟತನ! ಆ ಸೊನ್ನೆಯನ್ನು ಟೀಚರು ಹಾಳೆ ಹರಿಯುವಷ್ಟು ಒತ್ತಿ ಬರೆದರು. ಮಿಕ್ಕ ಐದರಲ್ಲೂ ಎರಡು ಸೊನ್ನೆ. ಒಟ್ಟು ಮೂವತ್ತು, ಅನುತ್ತೀರ್ಣ.

ಹದಿನಾರನೇ ತಾರೀಖು ಶನಿವಾರ. ದರ್ಜಿ ಮೆಷಿನ್ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದ. ಟೀಚರು ನೂರು ಅಂಕದ ಪತ್ರಿಕೆ ಹಿಡಿದು ಬಂದು ಬಟ್ಟೆ ಕತ್ತರಿಸುವ ಮೇಜಿಗೆ ಒರಗಿದರು.

"ರೀ, ಕಟ್ಟಿಬಿಡ್ಲಾ? ಇವತ್ತು ಕಟ್ಟಿದ್ರೆ ಸಂಜೆಯೇ ಪ್ರವೇಶಪತ್ರ ಕಳಿಸ್ತಾರಂತೆ."

"ಕಟ್ಟು. ಇನ್ನೇನು, ರ‍್ಯಾಂಕ್ ಬಂದಿದ್ದಾರಲ್ಲ." ದರ್ಜಿ ಹಲ್ಲಲ್ಲಿ ದಾರ ಕಚ್ಚಿ ತುಂಡು ಮಾಡಿ, ಮೇಜಿನ ಮೇಲಿದ್ದ ಇನ್ನೊಂದು ಹಾಳೆ ಎಳೆದುಕೊಂಡ. "ಇದ್ಯಾರು ಪಾಪ, ಮೈತುಂಬ ಸೊನ್ನೆ. ಇವರನ್ನ ಕರೆದು ಕೇಳಿದ್ಯಾ?"

"ಏನಂತ?"

"ಅದೇ, ಯಾಕೆ ಹೀಗೆ ಬರೆದೆ ಕಂದ ಅಂತ."

"ಅಯ್ಯೋ, ಅದು ವಿಶ್ವವಿದ್ಯಾಲಯ ರೀ! ಏಳನೇ ಕ್ಲಾಸಲ್ಲ."

"ಬರೆದೋರು ಯಾರೋ ಮನುಷ್ಯರೇ ತಾನೇ? ಕೆಳಗೆ ಫೋನ್ ನಂಬರೂ ಹಾಕಿದ್ದಾರೆ. ನಿನ್ನ ಇಷ್ಟ," ಎಂದು ಅವನು ಮೆಷಿನ್ ತುಳಿಯತೊಡಗಿದ.

ಟೀಚರಿಗೆ ಉರಿದುಹೋಯಿತು. ಇಪ್ಪತ್ತೈದು ವರ್ಷದಲ್ಲಿ ಒಂದು ಮಾತು ಹೆಚ್ಚು ಆಡದ ಗಂಡ, ಆಡಿದರೆ ಇಂಥದ್ದೇ ಆಡುತ್ತಾನೆ. ಉರಿಯುವುದಕ್ಕೆ ಕಾರಣ ಬೇರೇನಲ್ಲ, ಅವನು ಹೇಳಿದ್ದು ಸರಿಯಿತ್ತು. ನಂಬರು ಒತ್ತಿದರು. ಆ ಕಡೆ ನಲ್ಲಿ ನೀರಿನ ಸದ್ದು, ಹಿಂದೆಯೇ ಒಂದು ಹೆಂಗಸಿನ ದನಿ. ಅದು ಶಿಕ್ಷಣ ವಿಭಾಗದ ಪ್ರಾಧ್ಯಾಪಕಿ, ಗಿಡಕ್ಕೆ ನೀರು ಬಿಡುತ್ತಿದ್ದರಂತೆ.

"ಓಹೋ, ಪ್ರಶ್ನೆಪತ್ರಿಕೆ ಟೀಚರಾ! ನನಗೆ ಎಷ್ಟು ಬಂತು?"

ಟೀಚರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮೂವತ್ತು."

"ಅಯ್ಯಯ್ಯೋ. ಐದು ಮಾರ್ಕು ಗ್ರೇಸ್ ಕೊಡಲ್ವಾ?"

"ನಾನು ಗ್ರೇಸ್ ಕೊಡಲ್ಲ ಮೇಡಂ. ಆದ್ರೆ ಒಂದು ಕೇಳ್ತೀನಿ. ಮೊದಲನೇ ಪ್ರಶ್ನೆಗೆ ನಿಮ್ಮ ವೆಬ್‌ಸೈಟಿಗಿಂತ ಅರ್ಧದಷ್ಟು ಜಾಸ್ತಿ ಬರೆದಿದ್ದೀರಲ್ಲ, ಯಾಕೆ?"

"ವೆಬ್‌ಸೈಟಲ್ಲಿರೋದು ಬರೀ ಪಾಠದ ಫೀಸು. ನೀವು ಕೇಳಿದ್ದು ಒಟ್ಟು ಅಂತ. ಪರೀಕ್ಷೆ ಫೀಸು, ಪ್ರಬಂಧ ಒಪ್ಪಿಸೋ ಫೀಸು, ಎರಡು ಸಲ ಇಲ್ಲಿಗೆ ಬಂದು ಹೋಗೋ ಖರ್ಚು, ಎಲ್ಲಾ ಸೇರಿಸಿದೆ. ಯಾಕೆ, ಕೂಡೋದು ತಪ್ಪಾಗಿತ್ತಾ?"

ಟೀಚರು ಹಾಳೆ ನೋಡಿದರು. ಕೂಡುವುದು ತಪ್ಪಾಗಿರಲಿಲ್ಲ. "ಮತ್ತೆ, ಎಷ್ಟು ವರ್ಷ ಹಿಡಿಯುತ್ತೆ ಅಂದ್ರೆ ಗೊತ್ತಿಲ್ಲ ಅಂದ್ರಿ?"

"ನಿಮ್ಮ ನೋಟ್‌ಬುಕ್ಕುಗಳನ್ನ ನಾನಿನ್ನೂ ನೋಡೇ ಇಲ್ವಲ್ಲ. ಹೇಗೆ ಗೊತ್ತಾಗುತ್ತೆ? ಮಾರ್ಗದರ್ಶಕರ ವಿಷಯವೂ ಅಷ್ಟೇ. ನೋಡಿ ಹಿಡಿಸಿದ್ರೆ ನಾನೇ. ಇಲ್ದಿದ್ರೆ ನನ್ನಿಂದ ನಿಮಗೆ ಉಪಯೋಗ ಇಲ್ಲ. ಒಂದೇ ಸೀಟು ಉಳಿದಿರೋದು. ಎರಡು ನೋಟ್‌ಬುಕ್ ಕಳಿಸಿ, ಸೋಮವಾರ ಬೆಳಗ್ಗೆ ಮಾತಾಡೋಣ."

ಫೋನಿಟ್ಟ ಟೀಚರು ಕೂಡಲೇ ನೂರು ಅಂಕದವರಿಗೆ ಕರೆ ಮಾಡಿದರು. ಎತ್ತಿದವನು ಸಲಹೆಗಾರ, ಸಕ್ಕರೆಯಂಥ ದನಿ. ಪ್ರಬಂಧ ಒಪ್ಪಿಸುವ ಫೀಸು ಎಷ್ಟಪ್ಪಾ ಎಂದರೆ, "ಅದು ಆಮೇಲೆ ಬರೋದು ಮೇಡಂ, ಈಗ್ಲೇ ಯಾಕೆ ತಲೆ ಕೆಡಿಸ್ಕೊಳ್ತೀರಿ" ಎಂದ. ಏಳನೇ ತರಗತಿಯವರ ಬಾಯಿ ಬಿಡಿಸಿದ ಟೀಚರಿಗೆ ಇವನು ಯಾವ ಲೆಕ್ಕ? ಒಂದೊಂದಾಗಿ ಬಿಡಿಸಿದರು. ಪ್ರತಿ ಆರು ತಿಂಗಳಿಗೊಂದು ಮುಂದುವರಿಕೆ ಫೀಸು, ಗ್ರಂಥಾಲಯಕ್ಕೆ ಬೇರೆ, ಮಾರ್ಗದರ್ಶಕರನ್ನು ನೇಮಿಸಲು ಬೇರೆ. ಗಂಡನ ಸೀಮೆಸುಣ್ಣದಿಂದ ಕತ್ತರಿಸುವ ಮೇಜಿನ ಮೇಲೇ ಕೂಡಿದರು. ಹದಿನೈದು ತಿಂಗಳ ಸಂಬಳ.

"ಒಟ್ಟು ಎಷ್ಟು ಅಂತ ನಾನು ಸ್ಪಷ್ಟವಾಗಿ ಕೇಳಿದ್ನಲ್ಲ. ಏಳು ಅಂತ ಯಾಕೆ ಬರೆದ್ರಿ?"

ಸಲಹೆಗಾರನ ದನಿಯಲ್ಲಿ ಸಕ್ಕರೆ ಕರಗಿತು. "ಮೇಡಂ, ನಿಜ ಹೇಳ್ಲಾ? ನಾನು ಬರೆದಿದ್ದಲ್ಲ. ಉತ್ತರ ರೆಡಿ ಇರುತ್ತೆ. ಯಾರು ಏನು ಕೇಳಿದ್ರೂ ಅದನ್ನೇ ಕಳಿಸ್ತೀವಿ."

ಬಾಯಿಪಾಠ! ಗೈಡು ನೋಡಿ ಬರೆದ ಉತ್ತರಕ್ಕೆ ನೂರಕ್ಕೆ ನೂರು ಕೊಟ್ಟು, ತಾನೇ ಯೋಚಿಸಿ ಬರೆದವರನ್ನು ಫೇಲು ಮಾಡಿದ್ದರು. ಬೇರೆ ಯಾರೋ ಅಲ್ಲ, ಸೊನ್ನೆ ಟೀಚರು, ಹತ್ತೊಂಬತ್ತು ನೋಟ್‌ಬುಕ್ಕಿನ ಒಡತಿ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಅವರಿಗೆ ನಾಚಿಕೆಯಾಯಿತು, ನಗುವೂ ಬಂತು. ಒಳಗಿನಿಂದ ಅತ್ತೆ, "ಏನಾಯ್ತೇ, ರ‍್ಯಾಂಕ್ ಬಂದವನು ಕಾಪಿ ಹೊಡೆದಿದ್ನಾ?" ಎಂದು ಕೂಗಿದರು. ಕಿವಿ ಮಾತ್ರ ಆ ಮುದುಕಿಗೆ ಇಪ್ಪತ್ತರದ್ದು.

ಭಾನುವಾರವಿಡೀ ಸ್ಕ್ಯಾನಿಂಗ್. ಅತ್ತೆ ಪುಟ ಮುದುರದಂತೆ ಎರಡು ಕೈಯಲ್ಲಿ ಒತ್ತಿ ಹಿಡಿಯುವುದು, ಸೊಸೆ ಫೋನಿನಲ್ಲಿ ಫೋಟೋ ತೆಗೆಯುವುದು. ಒಂದಷ್ಟು ಪುಟಗಳಲ್ಲಿ ಅತ್ತೆಯ ಹೆಬ್ಬೆರಳೂ ಸಂಶೋಧನೆಗೆ ಸೇರಿಹೋಯಿತು. ಸಂಜೆಗೆ ಎರಡು ನೋಟ್‌ಬುಕ್ ಹೊರಟವು.

ಸೋಮವಾರ ಬೆಳಗ್ಗೆ ಹತ್ತಕ್ಕೆ, ಶಾಲೆಯ ಭೂಪಟಗಳ ಕೋಣೆಯಲ್ಲಿ ಟೀಚರು ಫೋನನ್ನು ಗ್ಲೋಬಿಗೆ ಒರಗಿಸಿ, ಆ ಎರಡೂ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತರು. ತೆರೆಯ ಮೇಲೆ ಮೂಡಿದ ಪ್ರಾಧ್ಯಾಪಕಿ ನರೆತ ಕೂದಲಿನ ಸಣ್ಣ ಆಕೃತಿ, ಮೂಗಿನ ತುದಿಯಲ್ಲಿ ಕನ್ನಡಕ.

"ಎಲ್ಲಾ ಓದಿದೆ. ನಿನ್ನೆ ರಾತ್ರಿ ಊಟಕ್ಕೆ ಕರೆದ್ರೂ ಏಳಲಿಲ್ಲ ಅಂತ ನಮ್ಮನೇಲಿ ಬೈದ್ರು," ಎಂದರು. ಟೀಚರ ಎದೆ ಹಿಗ್ಗಿತು. "ಆದ್ರೆ ಒಂದು ಅನುಮಾನ. ನಲವತ್ತೊಂದು ಕಡೆ ಕಾರಣ ಅನ್ನೋ ಜಾಗದಲ್ಲಿ 'ಅಜಾಗರೂಕತೆ' ಅಂತ ಬರೆದಿದ್ದೀರಿ. ಅದು ಮಗು ಹೇಳಿದ್ದಾ, ನೀವು ಹೇಳಿದ್ದಾ?"

ಟೀಚರ ಹಿಗ್ಗಿದ ಎದೆ ಹಾಗೇ ನಿಂತಿತು. "ನಾನು," ಎಂದರು.

"ಯಾಕೆ?"

"ಪರೀಕ್ಷೆ ಸಮಯ ಇರಬೇಕು ಮೇಡಂ. ಗಂಟೆ ಹೊಡೆದಿರುತ್ತೆ. ಎಲ್ಲರನ್ನೂ ಕೇಳೋಕೆ ಆಗಿರಲ್ಲ."

"ಸರಿ. ನೀವು ನನಗೆ ಹತ್ತು ಪ್ರಶ್ನೆ ಹಾಕಿದ್ರಿ. ನಾನು ಒಂದೇ ಹಾಕ್ತೀನಿ. ಈ ನಲವತ್ತೊಂದರಲ್ಲಿ ಯಾವುದಾದ್ರೂ ಒಂದರ ನಿಜವಾದ ಕಾರಣ ತಿಳ್ಕೊಂಡು ಬನ್ನಿ. ತಂದ್ರೆ ಸಹಿ ಹಾಕಿ ಪ್ರವೇಶಪತ್ರ ಕಳಿಸ್ತೀನಿ."

"ಇವತ್ತೇ ಐದರೊಳಗೆ ಬೇಕು ಮೇಡಂ ನನಗೆ! ಇವು ಹನ್ನೊಂದು ವರ್ಷದ ಹಿಂದಿನ ನೋಟ್‌ಬುಕ್ಕುಗಳು. ಆ ಮಕ್ಕಳು ಎಲ್ಲಿದ್ದಾರೋ ಏನೋ."

"ಹುಡುಕೋದಕ್ಕೇ ಸಂಶೋಧನೆ ಅನ್ನೋದು ಟೀಚರ್," ಎಂದು ಪ್ರಾಧ್ಯಾಪಕಿ ನಕ್ಕು ಮಾಯವಾದರು.

ಟೀಚರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು, ಆಮೇಲೆ ನಲವತ್ತೊಂದು ಪುಟಕ್ಕೂ ಕಾಗದದ ಚೂರು ಸಿಕ್ಕಿಸುವಷ್ಟು ಬುದ್ಧಿ. ಹೆಸರುಗಳನ್ನು ಓದುತ್ತಾ ಹೋದರು. ಒಬ್ಬ ದೂರದ ಊರಲ್ಲಿದ್ದಾನೆ, ಒಬ್ಬಳ ವಿಳಾಸವೇ ಇಲ್ಲ. ಹದಿನೇಳನೆಯದರ ಮುಂದೆ ಬೆರಳು ನಿಂತಿತು. ತರಗತಿಯಲ್ಲೇ ಎಲ್ಲರಿಗಿಂತ ಉದ್ದ ಇದ್ದ ಹುಡುಗಿ, ಕಿಟಕಿ ಹಾಕಬೇಕಾದರೆ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಏಣಿ ಅಂತಲೇ ಹೆಸರಾಗಿತ್ತು. ಮಾತು ಕಡಿಮೆ. ಗಂಡನಿಗೆ ಫೋನು ಮಾಡಿದರು.

"ಏಣಿಯಾ? ಗ್ರಿಲ್ ಅಂಗಡಿಯವಳಲ್ವಾ. ನಮ್ಮ ಅಂಗಡಿ ಷಟರ್ ರಿಪೇರಿ ಮಾಡಿದ್ದು ಅವಳೇ. ಯಾಕೆ?"

ಹೆಡ್‌ಮಾಸ್ಟರು ಮಧ್ಯಾಹ್ನದ ಎರಡು ಪೀರಿಯಡ್ಡಿಗೆ ಡ್ರಾಯಿಂಗ್ ಮೇಷ್ಟ್ರನ್ನು ಕಳಿಸಿ, "ಐದೂ ಒಂದಕ್ಕೆ ಬೀಗ, ನೆನಪಿರಲಿ" ಎಂದರು. ದರ್ಜಿ ಅಂಗಡಿಗೆ ಅತ್ತೆಯನ್ನು ಕಾವಲಿಟ್ಟು ಸ್ಕೂಟರ್ ತಂದ. ಗ್ರಿಲ್ ಅಂಗಡಿ ಪೇಟೆಯ ಹಿಂದಿನ ಬೀದಿಯಲ್ಲಿತ್ತು. ಮುಂದೆ ಕಬ್ಬಿಣದ ಗೇಟುಗಳು ಒಂದರ ಬೆನ್ನಿಗೊಂದು ಒರಗಿದ್ದವು, ಒಳಗೆ ಕಿಡಿ ಹಾರುತ್ತಿತ್ತು. ಮುಖಕ್ಕೆ ಕಪ್ಪು ಗಾಜಿನ ಕವಚ ಹಿಡಿದು ಬೆಸುಗೆ ಹಾಕುತ್ತಿದ್ದ ಉದ್ದನೆಯ ಹೆಂಗಸು ಇವರನ್ನು ಕಂಡು ಕವಚ ಇಳಿಸಿದಳು.

"ಸೊನ್ನೆ ಟೀಚರ್!" ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಕ್ಷಮಿಸಿ ಟೀಚರ್, ಬಾಯಿಗೆ ಬಂದುಬಿಡ್ತು."

"ಇರಲಿ ಕಣೇ, ನಾನೂ ನಿನ್ನ ಏಣಿ ಅಂತಲೇ ಹುಡುಕ್ಕೊಂಡು ಬಂದೆ. ಇದನ್ನ ನೋಡು. ಏಳನೇ ಕ್ಲಾಸಲ್ಲಿ ನೀನು ಬರೆದದ್ದು. ನೆನಪಿದ್ಯಾ?"

ಏಣಿ ಕೈಗವಸು ಒರೆಸಿಕೊಂಡು ನೋಟ್‌ಬುಕ್ ಹಿಡಿದಳು. ಬಟ್ಟೆ ಒಣಹಾಕಲು ಹನ್ನೆರಡು ಮೀಟರ್ ಉದ್ದದ ಹಗ್ಗ ಕಟ್ಟಬೇಕು. ಮೂರು ಮೀಟರಿಗೆ ಒಂದರಂತೆ ಕಂಬ ನೆಟ್ಟರೆ ಒಟ್ಟು ಎಷ್ಟು ಕಂಬ ಬೇಕು? ಸರಿಯುತ್ತರ ಐದು. ತಪ್ಪಿದವರೆಲ್ಲ ಸಾಮಾನ್ಯವಾಗಿ ನಾಲ್ಕು ಎನ್ನುತ್ತಾರೆ, ಹನ್ನೆರಡನ್ನು ಮೂರರಿಂದ ಭಾಗಿಸಿ ಮೊದಲ ಕಂಬ ಮರೆತುಬಿಡುತ್ತಾರೆ. ಏಣಿ ಬರೆದದ್ದು ಮೂರು. ಮೂರು ಎಲ್ಲಿಂದ ಬಂತೆಂದು ಟೀಚರಿಗೆ ಅಂದೂ ತಿಳಿದಿರಲಿಲ್ಲ, ಇಂದೂ ತಿಳಿದಿರಲಿಲ್ಲ.

"ಯಾಕೆ ಮೂರು ಅಂತ ಬರೆದೆ?" ಎಂದು ಕೇಳಿದರು ಟೀಚರು. ನೆನಪಿಲ್ಲ ಎಂದುಬಿಟ್ಟರೆ ಎಲ್ಲ ಮುಗಿಯಿತು.

ಏಣಿ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. "ಮೂರೇ ಅಲ್ವಾ ಟೀಚರ್?"

"ಹೇಗೆ?"

ಅವಳು ನೆಲದ ಮೇಲಿದ್ದ ಸೀಮೆಸುಣ್ಣ ತೆಗೆದು ಸಿಮೆಂಟಿನ ಮೇಲೆ ಒಂದು ಗೆರೆ ಎಳೆದಳು. "ನಮ್ಮನೆ ಹಿಂದೆ ಹಗ್ಗ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ್ವಿ. ಈ ಕಡೆ ಮೊಳೆ, ಆ ಕಡೆ ಮೊಳೆ. ಗೋಡೆ ಇರೋ ಕಡೆ ಕಂಬ ಯಾಕೆ ಬೇಕು? ನಡುವೆ ಜೋಲು ಬೀಳದ ಹಾಗೆ ಇಲ್ಲೊಂದು, ಇಲ್ಲೊಂದು, ಇಲ್ಲೊಂದು." ಮೂರು ಅಡ್ಡಗೆರೆ ಹಾಕಿದಳು. "ಈಗಲೂ ನಾನು ಗ್ರಿಲ್ಲಿಗೆ ಹೀಗೇ ಲೆಕ್ಕ ಹಾಕೋದು. ಗೋಡೆ ಬಿಟ್ಟು ಕಂಬಿ ಎಣಿಸ್ಬೇಕು. ಇಲ್ದಿದ್ರೆ ಎರಡು ಕಂಬಿ ದಂಡ."

ಟೀಚರು ಆ ಗೆರೆಗಳನ್ನೇ ನೋಡಿದರು. ಗೋಡೆ ಇದೆಯೋ ಇಲ್ಲವೋ ಎಂದು ಪ್ರಶ್ನೆಯಲ್ಲಿ ಅವರು ಬರೆದೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಪ್ರಶ್ನೆ ಕೊಡುತ್ತಿದ್ದಾರೆ. ಎಷ್ಟು ಮಕ್ಕಳ ಮನೆಯಲ್ಲಿ ಗೋಡೆಗಳಿದ್ದವೋ!

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ವಲ್ಲ ಟೀಚರ್." ಏಣಿಯ ದನಿಯಲ್ಲಿ ದೂರಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. "ನನ್ನ ಸರದಿ ಬರೋ ಹೊತ್ತಿಗೆ ಗಂಟೆ ಆಯ್ತು. ನಾಳೆ ಕರೀತೀರಿ ಅಂತ ಮಾರನೇ ದಿನ ಕಾದೆ. ಆಮೇಲೆ ಪರೀಕ್ಷೆ ಬಂತು, ರಜೆ ಬಂತು."

ಟೀಚರ ಕಣ್ಣು ತುಂಬಿ ಬಂತು. ಒಂದು ಮಗು ಉತ್ತರ ಇಟ್ಟುಕೊಂಡು ಒಂದು ಇಡೀ ದಿನ ತಮಗಾಗಿ ಕಾದಿತ್ತು, ತಾವು ಅದರ ಹೆಸರಿನ ಮುಂದೆ ಅಜಾಗರೂಕತೆ ಎಂದು ಬರೆದು ಪುಸ್ತಕ ಮುಚ್ಚಿದ್ದರು. "ತಪ್ಪಾಯ್ತು ಕಣೇ," ಎಂದರು. ಟೀಚರ ಬಾಯಿಂದ ಆ ಮಾತು ಕೇಳಿ ಏಣಿ ಗಾಬರಿಯಾಗಿ, "ಅಯ್ಯೋ ಬಿಡಿ ಟೀಚರ್, ಕೂತ್ಕೊಳ್ಳಿ, ನೀರು ಕುಡೀರಿ" ಎಂದು ಕೈಗವಸು ಹಾಕಿಕೊಂಡೇ ಲೋಟ ಹುಡುಕತೊಡಗಿದಳು.

ಟೀಚರು ನೀರು ಕುಡಿದು, ಆ ಹಳೇ ಪದವನ್ನು ಹೊಡೆದು ಹಾಕಿ, ಏಣಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದರು. ಆ ಪುಟವನ್ನೂ ನೆಲದ ಮೇಲಿನ ಚಿತ್ರವನ್ನೂ ಫೋಟೋ ತೆಗೆದು ಕಳಿಸಿದರು. ಕಾಲು ಗಂಟೆಗೆ ಫೋನು ಟಿಂಗ್ ಎಂದಿತು. ಸಹಿ ಮಾಡಿದ ಪ್ರವೇಶಪತ್ರ, ಮಾರ್ಗದರ್ಶಕರು ಎಂಬಲ್ಲಿ ಪ್ರಾಧ್ಯಾಪಕಿಯ ಹೆಸರು. ಕೆಳಗೆ ಒಂದು ಸಾಲು: "ಇನ್ನು ನಲವತ್ತು ಮಕ್ಕಳು ಕಾಯ್ತಿದ್ದಾರೆ, ಬೇಗ ಶುರು ಮಾಡಿ." ಗಂಟೆ ಇನ್ನೂ ನಾಲ್ಕಾಗಿರಲಿಲ್ಲ, ಶಾಲೆಗೆ ಹತ್ತು ನಿಮಿಷದ ದಾರಿ. ದರ್ಜಿ ಸ್ಕೂಟರ್ ಒದ್ದು ಚಾಲು ಮಾಡಿದ, ಅವನ ಮುಖವೆಲ್ಲ ನಗುವಾಗಿತ್ತು.

ಟೀಚರು ಹಿಂದೆ ಹತ್ತಿ ಕೂತಾಗ ಏಣಿ ಬಾಗಿಲವರೆಗೆ ಓಡಿ ಬಂದಳು.

"ಟೀಚರ್, ಒಂದು ನಿಮಿಷ. ಹಾಗಾದ್ರೆ ಅದು ಸರೀನಾ, ತಪ್ಪಾ?"

ಇಪ್ಪತ್ತನಾಲ್ಕು ವರ್ಷದ, ಕಬ್ಬಿಣ ಬಗ್ಗಿಸುವ ಹೆಂಗಸು ಏಳನೇ ತರಗತಿಯ ಮುಖ ಮಾಡಿಕೊಂಡು ನಿಂತಿದ್ದಳು.

"ಸರಿ ಕಣೇ," ಎಂದರು ಟೀಚರು. "ಪೂರ್ತಿ ಸರಿ."

ಏಣಿ ಹಿಂದೆ ತಿರುಗಿ, ಒಳಗಡೆ ಕಬ್ಬಿಣ ಕೊಯ್ಯುತ್ತಿದ್ದ ತನ್ನ ಮಾವನಿಗೆ, ಗರಗಸದ ಸದ್ದನ್ನೂ ಮೀರಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಮಾವಾ, ನಂದು ಸರಿ ಇತ್ತಂತೆ!"